ಶುಷ್ಕವಾದ್ಯವೂ ಚತುರ್ವಾದ್ಯಗೋಷ್ಠಿಯೂ

ಬೆಂಗಳೂರಿನ ದಂಡುಪ್ರದೇಶದಲ್ಲಿ ಫ್ರೇಜರ್ ಟೌನ್ ಎಂದು ಬಹುಕಾಲ ಪ್ರಸಿದ್ಧವಾಗಿದ್ದ ಬಡಾವಣೆಗೆ ಈಗ ಪುಲಿಕೇಶಿನಗರವೆಂದು ಹೆಸರು. ೧೮೯೮ರ ಪ್ಲೇಗಿನ ಹಾವಳಿಯ ತರುವಾಯ ಜನಸಂದಣಿಯನ್ನು ಹಗುರಗೊಳಿಸುವುದಕ್ಕಾಗಿ ಕಟ್ಟಲ್ಪಟ್ಟ ಈ ಬಡಾವಣೆಯು ಮೊದಲು ಮೈಸೂರಿನ ರೆಸಿಡೆಂಟರಾಗಿದ್ದ ಸ್ಟುಅರ್ಟ್ ಫ್ರೇಜರವರ ಹೆಸರನ್ನು ಹೊತ್ತಿದ್ದಿತು. ಈಗ ಚಾಲುಕ್ಯ ಚಕ್ರವರ್ತಿಯ ಹೆಸರನ್ನು ಹೊತ್ತಿದೆ. ವಾದ್ಯವಿಚಾರವನ್ನು ಎತ್ತಿಕೊಳ್ಳುವುದಕ್ಕೆ ಈ ಎರಡು ಹೆಸರುಗಳೂ ಅನುಕೂಲವಾಗಿವೆ. ಹೇಗೆಂದರೆ, ದಂಡು ನೆಲೆಗೊಂಡ ೧೮೦೯ರಿಂದ ಈ ಕಡೆಯಲ್ಲಿ ಪಲಟಣಗಳ ಬ್ಯಾಂಡಿನ ಚರ್ಮವಾದ್ಯವು ಕಾಗದದ ಮೇಲೆ ಬರೆದ ಗುರುತುಗಳನ್ನು ನೋಡಿ ಕಲಿಯತಕ್ಕ ವಿದ್ಯೆಯಾಗಿ ಬಂದಿತು. ಪೇಟೆಯ ಕಡೆಯಲ್ಲಾದರೋ ಮೃದಂಗವು ಗುರುಮುಖದಿಂದ ಬಾಯಿಗೆ, ಬಾಯಿಯಿಂದ ಕೈಗೆ ಇಳಿಯತಕ್ಕ ವಿದ್ಯೆಯಾಗಿಯೇ ಉಳಿಯಿತು. ೧೯೪೯ರಲ್ಲಿ ಪೇಟೆಯೂ ದಂಡೂ ಒಂದೇ ನಗರಾಡಳಿತಕ್ಕೆ ಒಳಪಟ್ಟವು; ಆದರೆ ಈ ಎರಡು ಅಧ್ಯಯನಕ್ರಮಗಳು ಒಂದನ್ನೊಂದು ಇಂದಿಗೂ ಚೆನ್ನಾಗಿ ನೋಡಿಕೊಂಡಂತೆ ಕಾಣುವುದಿಲ್ಲ.

ಇನ್ನು ಚಾಲುಕ್ಯರ ಹೆಸರಿನ ಮಾತು. ಚಾಲುಕ್ಯ ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಮಹಾಸಾಮಂತರಿಗೆ ಪಂಚಮಹಾಶಬ್ದಗಳನ್ನು ಪಡೆದವರೆಂಬ ವಿಶೇಷಣವು ಪದೇಪದೇ ಬರುವುದು ವಿದ್ವಾಂಸರಿಗೆ ತಿಳಿದೇ ಇದೆ. ಈ ಐದು ಯಾವುವೆಂಬ ವಿಷಯದಲ್ಲಿ ಅಭಿಪ್ರಾಯಭೇದಗಳುಂಟು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯಲ್ಲಿ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಎಣಿಸಿದೆ. ಈ ಪಟ್ಟಿಯಲ್ಲಿ ಕಂಠವಿಲ್ಲ, ತಂತಿಯಿಲ್ಲ. ಊದತಕ್ಕವು ಎರಡು, ಬಡಿಯತಕ್ಕವು ಮೂರು. ಗೀತದ ಹಂಗಿಲ್ಲದೆ ಕೇವಲ ಶಬ್ದಸಮೂಹವೇ ಒಂದು ಮರ್ಯಾದೆಯಾಗಿ, ಅರ್ಥವಾಗಿ ನಿಲ್ಲಬಲ್ಲದೆಂಬ ಭಾವನೆಯು ಈ ನಾಡಿನಲ್ಲಿ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು. ಕರಾವಳಿಯಲ್ಲಿಯೂ ಕಾಸರಗೋಡಿನ ಸೀಮೆಯಲ್ಲಿಯೂ ಯಕ್ಷಗಾನದ ಆಟಕ್ಕೆ ಮೊದಲು ಚೆಂಡೆ ಮದ್ದಳೆಗಳಿಂದ ‘ಕೇಳಿ’ ಹೊಡೆಯುವ ಪದ್ಧತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಪ್ರಕೃತ ವಿಚಾರಕ್ಕೆ ವಿಷಯವಾಗಿರುವುದು ಈಚಿನ ದಶಕಗಳಲ್ಲಿ ಬೆಂಗಳೂರಿನ ಸಭೆಗಳಲ್ಲಿ ನೆಲೆಗೊಂಡಿರುವ ತಾಳವಾದ್ಯಗೋಷ್ಠಿ. ಅದರಲ್ಲಿಯೂ ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಎಂಬ ನಾಲ್ಕು ವಾದ್ಯಗಳಿಗಾಗಿಯೇ ಮುಂಚಿತವಾಗಿ ರಚಿಸಿ, ಅಭ್ಯಾಸ ಮಾಡಿ, ಸಭೆಯಲ್ಲಿ ನುಡಿಸತಕ್ಕ ನೂತನ ಕೃತಿಗಳು. ಇವುಗಳನ್ನು ಚತುರ್ವಾದ್ಯಪ್ರಬಂಧಗಳೆಂದು ಕರೆಯಬಹುದು. ಇವು ಕಾವ್ಯದಂತೆ ಗುಣದೋಷ ವಿಮರ್ಶೆಗೆ ಅರ್ಹವೇ, ಅಥವಾ ಕೇವಲ ಕೈಚಳಕದ ಪ್ರದರ್ಶನಗಳೇ ಎಂಬುದು ಪ್ರಶ್ನೆ.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಇದೆ. ಗೀತ, ವಾದ್ಯ, ನೃತ್ತ ಈ ಮೂರೂ ಸೇರಿ ಸಂಗೀತವೆಂದೂ, ಅವುಗಳಲ್ಲಿ ನೃತ್ತವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸುವುದರಿಂದ ಗೀತವೇ ಪ್ರಧಾನವೆಂದೂ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಆರಂಭದಲ್ಲಿಯೇ ಹೇಳಿದ್ದಾನೆ. ಹಾಗಿದ್ದ ಮೇಲೆ ಗೀತವಿಲ್ಲದ ವಾದ್ಯವು ಅಂಗಿಯಿಲ್ಲದ ಅಂಗವಾಗುವುದಿಲ್ಲವೆ? ರಾಗವಿಲ್ಲ, ಸಾಹಿತ್ಯವಿಲ್ಲ, ಆದಕಾರಣ ಭಾವವಿಲ್ಲ, ಭಾವವಿಲ್ಲದಲ್ಲಿ ರಸವೆಲ್ಲಿಯದು? ಸಭೆಗಳಲ್ಲಿ ತನಿ ಆವರ್ತನವು ಮೊದಲಾದೊಡನೆ ಎದ್ದು ಕಾಫಿಗೆ ಹೋಗುವ ಸಭಿಕರು ತಿಳಿದೋ ತಿಳಿಯದೆಯೋ ಈ ಪೂರ್ವಪಕ್ಷವನ್ನೇ ಅನುಷ್ಠಾನದಲ್ಲಿ ತರುತ್ತಿದ್ದಾರೆ.

ಸಿದ್ಧಾಂತಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ‘ರತ್ನಾಕರ’ದ ಆರನೆಯದಾದ ವಾದ್ಯಾಧ್ಯಾಯದಲ್ಲಿ ವಾದ್ಯವು ಶುಷ್ಕ, ಗೀತಾನುಗ, ನೃತ್ತಾನುಗ, ಉಭಯಾನುಗ ಎಂದು ನಾಲ್ಕು ವಿಧವೆಂದು ಹೇಳಿದೆ. ಗೀತವನ್ನೂ ನೃತ್ತವನ್ನೂ ಬಿಟ್ಟು ತಾನೇ ನಿಲ್ಲುವ ವಾದ್ಯವು ಶುಷ್ಕ. ಅದಕ್ಕೆ ‘ಗೋಷ್ಠೀ’ ಎಂಬುದೂ ಹೆಸರು. ಇಂದು ಕರಪತ್ರಗಳಲ್ಲಿ ‘ತಾಳವಾದ್ಯಗೋಷ್ಠಿ’ ಎಂದು ಅಚ್ಚುಹಾಕಿಸುವವರು ಏಳು ಶತಮಾನಗಳಿಗೂ ಹಿಂದಿನ ಪರಿಭಾಷೆಯನ್ನು ಬಳಸುತ್ತಿದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ಅದರ ಅರಿವುಂಟೋ ಬೇರೆ ಮಾತು. ಶುಷ್ಕವೆಂಬ ಮಾತಿಗೆ ನೀರಸವೆಂದು ಅರ್ಥ ಮಾಡುವುದು ಯುಕ್ತವಲ್ಲ. ಒಣಗಿದ ಕಟ್ಟಿಗೆಯಲ್ಲಿಯೇ ಬೆಂಕಿಯು ಬೇಗ ಹತ್ತುವುದೆಂಬುದನ್ನು ಆಲಂಕಾರಿಕರು ಪ್ರಸಾದಗುಣಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ಪರಾಶ್ರಯವಿಲ್ಲದ್ದು ಎಂಬಷ್ಟೇ ಇಲ್ಲಿ ಅರ್ಥ. ವಾದ್ಯಕ್ಕಾಗಿಯೇ ಪ್ರತ್ಯೇಕ ಪ್ರಬಂಧಗಳನ್ನು ಆ ಅಧ್ಯಾಯದಲ್ಲಿ ಲಕ್ಷಣಸಹಿತವಾಗಿ ನಿರೂಪಿಸಿರುವುದರಿಂದ ರಚಿತಕೃತಿಯೆಂಬ ಭಾವನೆಯೂ ಅಲ್ಲಿ ಇದ್ದೇ ಇದೆ. ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಶ್ರಯದಲ್ಲಿದ್ದ ಕಲ್ಲಿನಾಥನು ಹದಿನೈದನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ‘ಕಲಾನಿಧಿ’ಯೆಂಬ ವ್ಯಾಖ್ಯಾನವನ್ನು ಬರೆದುದರಿಂದ ಈ ವಿಚಾರವು ಕನ್ನಡನಾಡಿನ ವಿದ್ವತ್ಪರಂಪರೆಗೂ ಸೇರಿದುದೇ ಆಗಿದೆ.

ಹೀಗೆ ಶುಷ್ಕವಾದ್ಯವು ಶಾಸ್ತ್ರಸಮ್ಮತವಾದರೆ ಅದನ್ನು ಅಳೆಯುವ ಮಾನದಂಡವು ಯಾವುದು? ಗೀತದಲ್ಲಿ ಸಾಹಿತ್ಯವೂ ರಾಗವೂ ಮಾನದಂಡಗಳಾಗುತ್ತವೆ. ಇಲ್ಲಿ ಅವೆರಡೂ ಇಲ್ಲ. ಶ್ರೋತೃಗಳು ವೇಗವನ್ನು ಹಿಡಿದುಕೊಂಡಿದ್ದಾರೆ. ವಿದ್ವಾಂಸರು ಲೆಕ್ಕಾಚಾರವನ್ನು ಹಿಡಿದುಕೊಂಡಿದ್ದಾರೆ. ಇವೆರಡೂ ಸಾಧನಗಳೇ ಹೊರತು ಗುಣಗಳಲ್ಲ. ಸಿದ್ಧತೆಯ ಕ್ರಮವೇ ಸರಿಯಾದ ಮಾನದಂಡವೆಂದೂ, ಕೃತಿಯು ಹೇಗೆ ಸಿದ್ಧವಾಯಿತೆಂಬುದು ಸಭೆಯಲ್ಲಿ ಕಿವಿಗೆ ಕೇಳಿಸಿಯೇ ಕೇಳಿಸುವುದೆಂದೂ ಭರತನ ಗ್ರಂಥದಿಂದ ತಿಳಿಯಬರುತ್ತದೆ.

‘ನಾಟ್ಯಶಾಸ್ತ್ರ’ದ ಪೂರ್ವರಂಗವಿಧಾನದಲ್ಲಿ ತೆರೆಯ ಒಳಗೆ ನಡೆಯತಕ್ಕ ಒಂಬತ್ತು ಅಂಗಗಳಿವೆ: ಪ್ರತ್ಯಾಹಾರ, ಅವತರಣ, ಆರಂಭ, ಆಶ್ರಾವಣಾ, ವಕ್ತ್ರಪಾಣಿ, ಪರಿಘಟ್ಟನಾ, ಸಂಘೋಟನಾ, ಮಾರ್ಗಾಸಾರಿತ, ಆಸಾರಿತ. ವಾದ್ಯಗಳನ್ನು ತಂದು ಇಡುವುದು ಪ್ರತ್ಯಾಹಾರ. ಗಾಯಕರು ಕುಳಿತುಕೊಳ್ಳುವುದು ಅವತರಣ. ವಾದ್ಯಗಳನ್ನು ಹದಗೊಳಿಸುವುದು ಆಶ್ರಾವಣಾ. ತಂತಿಗಳನ್ನು ಮೀಟಿ ನೋಡುವುದು ಪರಿಘಟ್ಟನಾ. ಚರ್ಮವಾದ್ಯದ ಮೇಲೆ ಕೈಯನ್ನು ಪಳಗಿಸಿಕೊಳ್ಳುವುದು ಸಂಘೋಟನಾ. ತಂತಿಯೂ ಚರ್ಮವೂ ಕೂಡಿ ನುಡಿಯುವುದು ಮಾರ್ಗಾಸಾರಿತ. ಕಲೆಗಳ ಪ್ರಮಾಣವನ್ನು ವಿಭಾಗಿಸುವುದು ಆಸಾರಿತ. ಇವುಗಳನ್ನು ಓದುವಾಗ ಆಶ್ಚರ್ಯವಾಗುವುದೇನೆಂದರೆ, ಇವೆಲ್ಲವೂ ಇಂದಿನವರು ಪ್ರಯೋಗಕ್ಕೆ ಹೊರಗೆಂದು ಎಣಿಸುವ ಕೆಲಸಗಳು. ಭರತನಾದರೋ ಅವನ್ನು ಪ್ರಯೋಗದ ಅಂಗಗಳನ್ನಾಗಿ ಮಾಡಿ, ಒಂದೊಂದಕ್ಕೂ ಹೆಸರನ್ನೂ ಕ್ರಮವನ್ನೂ ಕೊಟ್ಟು, ಪೂಜ್ಯಬುದ್ಧಿಯಿಂದ ನಡೆಸಬೇಕೆಂದಿದ್ದಾನೆ. ಸಿದ್ಧತೆಯೂ ಪ್ರಯೋಗವೂ ಎರಡಲ್ಲ. ತೆರೆಯ ಒಳಗಿನದು ಮತ್ತು ಹೊರಗಿನದು ಎಂಬಷ್ಟೇ ಭೇದ.

ಚತುರ್ವಾದ್ಯಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ಮೊದಲು ವಾದ್ಯಗಳ ಹದ. ಪುಷ್ಕರವಾದ್ಯಗಳ ಮುಖಗಳಿಗೆ ಸ್ವರಗಳನ್ನು ಹೊಂದಿಸುವ ಕ್ರಮಕ್ಕೆ ಭರತನು ಮಾರ್ಜನೆಯೆಂದು ಹೆಸರಿಟ್ಟು ಮಾಯೂರೀ, ಅರ್ಧಮಾಯೂರೀ, ಕಾರ್ಮಾರವೀ ಎಂದು ಮೂರು ಬಗೆಯನ್ನು ಹೇಳಿದ್ದಾನೆ. ಲೇಪನಕ್ಕೆ ನದೀತೀರದ ಕಪ್ಪು ಮಣ್ಣು ಶ್ರೇಷ್ಠ. ಅದು ದೊರೆಯದಿದ್ದರೆ ಗೋಧಿಯ ಅಥವಾ ಜವೆಯ ಹಿಟ್ಟು ಆಗಬಹುದು. ಇಂದು ಮೃದಂಗದ ಬಲಮುಖದಲ್ಲಿ ಸ್ಥಿರವಾದ ಕಪ್ಪು ಕರಣೆಯಿದೆ. ಎಡಮುಖಕ್ಕೆ ಕಚೇರಿಗೆ ಮುಂಚೆ ರವೆಯನ್ನು ನೀರಿನಲ್ಲಿ ಕಲಸಿ ಹಚ್ಚಿ, ಕಚೇರಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಆ ರವೆಯೂ ಗೋಧಿಯೇ ಅಲ್ಲವೆ? ಭರತನು ಅಭಾವಪಕ್ಷದಲ್ಲಿ ಹೇಳಿದ ದ್ರವ್ಯವೇ ಉಳಿದುಬಂದಿದೆ.

ಘಟದ ವಿಷಯವು ಸ್ವಲ್ಪ ಭಿನ್ನ. ಭರತನು ಮೃದಂಗ, ಪಣವ, ದರ್ದರ ಈ ಮೂರನ್ನು ಅವನದ್ಧವಾದ್ಯಗಳಲ್ಲಿ ಅಂಗಗಳೆಂದೂ, ಝಲ್ಲರೀ ಪಟಹ ಮೊದಲಾದುವನ್ನು ಪ್ರತ್ಯಂಗಗಳೆಂದೂ ಹೇಳುತ್ತಾನೆ. ದರ್ದರವು ಘಟಾಕಾರದ್ದಾದರೂ ಬಾಯಿಗೆ ಚರ್ಮವನ್ನು ಹೊದಿಸಿದುದು. ಇಂದಿನ ಘಟಕ್ಕೆ ಚರ್ಮವಿಲ್ಲ. ಸುಟ್ಟ ಮಣ್ಣೇ ನಾದವನ್ನು ಕೊಡತಕ್ಕದ್ದು. ಅದು ಒಮ್ಮೆ ಆವಿಗೆಯಿಂದ ಹೊರಬಿದ್ದ ಮೇಲೆ ಅದರ ಶ್ರುತಿಯು ಬಹುಮಟ್ಟಿಗೆ ನಿಶ್ಚಿತ. ಮಾನಾಮಧುರೆಯ ಘಟವು ದಪ್ಪನಾಗಿ ಭಾರವಾಗಿರುತ್ತದೆ, ಚೆನ್ನೈಯದು ಹಗುರ. ಖಂಜಿರಕ್ಕೆ ಪೂರ್ವದಲ್ಲಿ ಉಡದ ಚರ್ಮವನ್ನು ಹೊದಿಸುತ್ತಿದ್ದರು; ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಫಲವಾಗಿ ಮೇಕೆಯ ಚರ್ಮವೂ ಕೃತಕ ಹೊದಿಕೆಯೂ ಬಳಕೆಗೆ ಬಂದಿವೆ. ಚರ್ಮದ ಒಳಮೈಗೆ ನೀರು ಚಿಮುಕಿಸಿ ಶ್ರುತಿಯನ್ನು ಇಳಿಸುವ ಈ ವಾದ್ಯದಲ್ಲಿ ನೀರು ಆರುತ್ತ ಬಂದಂತೆ ಶ್ರುತಿಯು ಏರುತ್ತ ಹೋಗುವುದರಿಂದ ನುಡಿಸುವವನು ಕೃತಿಯ ನಡುವೆಯೂ ಆಶ್ರಾವಣೆಯಲ್ಲಿಯೇ ಇರಬೇಕಾಗುತ್ತದೆ. ಮೋರ್ಚಿಂಗ್ ಕಬ್ಬಿಣದ್ದು, ಅದರ ನಾಲಿಗೆಗೆ ಜೇನುಮೇಣವನ್ನು ಅಂಟಿಸಿ ಶ್ರುತಿಯನ್ನು ಕೊಂಚ ಇಳಿಸಬಹುದೇ ಹೊರತು ಏರಿಸುವುದು ಕಷ್ಟ.

ಮರ ಚರ್ಮ, ಮಣ್ಣು, ತೆಳುಚರ್ಮ, ಕಬ್ಬಿಣ: ಈ ನಾಲ್ಕಕ್ಕೂ ನಾಲ್ಕು ಸ್ವಭಾವ. ಮೃದಂಗದ ನಾದವು ನಿಲ್ಲುತ್ತದೆ. ಘಟದ ನಾದವು ಒಡನೆಯೇ ಒಡೆಯುತ್ತದೆ. ಖಂಜಿರದ ನಾದವು ಜಾರುತ್ತದೆ. ಮೋರ್ಚಿಂಗಿನ ನಾದವು ಬಾಯಿಯ ಆಕಾರಕ್ಕೆ ತಕ್ಕಂತೆ ಬಣ್ಣ ಬದಲಾಯಿಸುತ್ತದೆ. ಖಂಜಿರವು ಸಂಗೀತಸಭೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಪುದುಕ್ಕೋಟೆಯ ಮಾಮುಂಡಿಯಾ ಪಿಳ್ಳೆಯವರಿಂದ. ಆದುದರಿಂದ ಈ ಚತುಷ್ಟಯವು ಪ್ರಾಚೀನವೆಂಬ ಭ್ರಮೆ ಬೇಡ. ಪ್ರಾಚೀನವಾದದ್ದು ಅದರ ಹಿಂದಿನ ತತ್ತ್ವ. ಅನಧ್ಯಾಯದ ದಿನ ನೀರಿಗಾಗಿ ಸರೋವರಕ್ಕೆ ಹೋದ ಸ್ವಾತಿಮುನಿಯು ಕಮಲದ ಹಿರಿದು, ನಡುತರ, ಕಿರಿದು ಎಲೆಗಳ ಮೇಲೆ ಬಿದ್ದ ಮಳೆಹನಿಗಳ ಬೇರೆ ಬೇರೆ ಧ್ವನಿಯನ್ನು ಕೇಳಿ ಪುಷ್ಕರಗಳನ್ನು ನಿರ್ಮಿಸಿದನೆಂಬ ಕಥೆಯನ್ನು ಭರತನು ಹೇಳುತ್ತಾನೆ. ಹನಿಗಳೆಲ್ಲ ಒಂದೇ ಮಳೆಯವು. ಎಲೆಗಳು ಮಾತ್ರ ಬೇರೆ. ಎಲ್ಲ ಎಲೆಗಳ ಮೇಲೂ ಒಂದೇ ಕ್ಷಣದಲ್ಲಿ ಒಂದೇ ಹನಿ ಬಿದ್ದಿದ್ದರೆ ಮುನಿಯು ತಿರುಗಿ ನೋಡುತ್ತಿದ್ದನೆ?

ಎರಡನೆಯದು ಸಂಘೋಟನೆ, ಎಂದರೆ ಅಭ್ಯಾಸ. ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ಸ್ವಂತ ಇತಿಹಾಸವಿದೆ. ಮೃದಂಗವಿದ್ವಾಂಸರಾದ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ವಿದ್ಯಾಲಯವನ್ನು ಸ್ಥಾಪಿಸಿದರು; ೨೦೨೦ರಲ್ಲಿ ದಿವಂಗತರಾಗುವವರೆಗೆ ಅದರ ಜೀವಾಳವಾಗಿದ್ದರು. ತಾಳವಾದ್ಯಕ್ಕಾಗಿಯೇ ಒಂದು ವಿದ್ಯಾಲಯವೆಂಬುದೇ ಆಗಿನ ಕಾಲಕ್ಕೆ ವಿಶೇಷ. ಈ ಬಳಗದವರು ಜರ್ಮನಿಯ ‘ಡಿಸ್ಸಿಡೆಂಟನ್’ ಎಂಬ ತಂಡದೊಡನೆ ೧೯೮೨ರಲ್ಲಿ ‘ಜರ್ಮನಿಸ್ತಾನ್’ ಎಂಬ ಧ್ವನಿಮುದ್ರಣದಲ್ಲಿಯೂ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರೊಡನೆ ೧೯೮೩ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣದಲ್ಲಿಯೂ ಭಾಗವಹಿಸಿದರು. ‘ಜ್ಯೋತಿ’ಯಲ್ಲಿ ಆರ್. ಎ. ರಮಾಮಣಿಯವರ ಗಾಯನವೂ ಮಾರಿಯಾನೊ ಅವರ ವಾದನವೂ ಇರುವುದರಿಂದ ಅದು ಶುಷ್ಕವಾದ್ಯವಲ್ಲ. ಆದರೆ ಅದರ ಲಯಪಕ್ಷವು ಪ್ರಕೃತಕ್ಕೆ ಬಹಳ ಉಪಯುಕ್ತ. ಮಣಿಯವರದು ಮೃದಂಗ; ಆರ್. ಎ. ರಾಜಗೋಪಾಲ್ ಅವರದು ಘಟ ಮೋರ್ಚಿಂಗ್‌ಗಳು; ಟಿ. ಎನ್. ಶಶಿಕುಮಾರ್ ಅವರದು ಖಂಜಿರ. ಈ ಕೊನೆಯ ಇಬ್ಬರೂ ಕೊನ್ನಕ್ಕೋಲನ್ನು, ಎಂದರೆ ಸೊಲ್ಲುಗಳ ಮುಖೋಚ್ಚಾರಣವನ್ನು, ಹೇಳತಕ್ಕವರೂ ಆಗಿದ್ದಾರೆ.

ಇದು ಕಾಕತಾಳೀಯವಲ್ಲ. ಸೊಲ್ಲು ಯಾವ ವಾದ್ಯದ ಸೊತ್ತೂ ಅಲ್ಲ. ‘ತದಿಗಿಣತೊಂ’ ಎಂಬ ಐದು ಅಕ್ಷರಗಳು ಬಾಯಲ್ಲಿರುವಾಗ ನಾಲ್ವರಿಗೂ ಒಂದೇ. ಕೈಗೆ ಇಳಿದಾಗ ನಾಲ್ಕು ಬೇರೆ ಬೇರೆ ಆಘಾತಗಳಾಗುತ್ತವೆ. ವೇದಾಧ್ಯಯನದಲ್ಲಿ ಸಂಹಿತೆ, ಪದ, ಕ್ರಮ, ಜಟೆ, ಘನ ಎಂಬ ಪಾಠಗಳನ್ನು ನೆನೆದುಕೊಂಡರೆ ಇದು ಸ್ಪಷ್ಟವಾಗುವುದು. ಪದಗಳ ಪರಸ್ಪರ ಸಂಬಂಧವನ್ನು ಹಿಂದುಮುಂದಾಗಿ ಬಾಯಲ್ಲಿ ನುರಿಸಿದ ಮೇಲೆ ಸಂಹಿತೆಯಲ್ಲಿ ತಪ್ಪು ಸಂಭವಿಸದು. ಹಾಗೆಯೇ ನಾಲ್ವರಲ್ಲಿ ಒಬ್ಬೊಬ್ಬನೂ ಉಳಿದ ಮೂವರ ಪಾಠವನ್ನು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳಬಲ್ಲನಾದರೆ ಮಾತ್ರ ಕೃತಿಯು ಸಿದ್ಧವಾಯಿತೆನ್ನಬೇಕು. ತನ್ನ ಪಾಠವನ್ನು ಮಾತ್ರ ಬಲ್ಲವನು ಸಮಕ್ಕೆ ಬಂದು ಸೇರಿಯಾನು. ಆದರೆ ಇನ್ನೊಬ್ಬನ ಮಾತಿಗೆ ಉತ್ತರ ಕೊಡಲಾರನು.

ಇಲ್ಲಿ ಪಾಶ್ಚಾತ್ಯ ಕೃತಿಯೊಂದನ್ನು ಎದುರಿಗಿಟ್ಟು ನೋಡುವುದು ಪ್ರಯೋಜನಕರ. ಅಮೆರಿಕದ ಜಾನ್ ಕೇಜ್ ಎಂಬವರು ೧೯೪೧ರಲ್ಲಿ ನಾಲ್ವರು ವಾದಕರಿಗಾಗಿ ‘ಥರ್ಡ್ ಕನ್‌ಸ್ಟ್ರಕ್ಷನ್’, ಎಂದರೆ ಮೂರನೆಯ ರಚನೆ, ಎಂಬ ಕೃತಿಯನ್ನು ಬರೆದರು. ತಗಡಿನ ಡಬ್ಬಿಗಳು, ಗಿಲಕಿಗಳು, ಹಸುವಿನ ಕೊರಳ ಗಂಟೆಗಳು, ಮದ್ದಳೆಗಳಂಥ ಚರ್ಮವಾದ್ಯಗಳು, ಕೊನೆಗೆ ಶಂಖ ಕೂಡ ಅದರಲ್ಲಿವೆ. ಪಂಚಮಹಾಶಬ್ದದ ಪಟ್ಟಿಯನ್ನು ಬಲ್ಲವರಿಗೆ ಶಂಖವನ್ನು ಕಂಡು ನಗೆ ಬಂದರೆ ತಪ್ಪಲ್ಲ. ಪಾಶ್ಚಾತ್ಯ ದೇಶಗಳ ತಾಳವಾದ್ಯಚತುಷ್ಟಯಗಳು ಇದನ್ನು ಇಂದಿಗೂ ಕಲಿತು ನುಡಿಸುತ್ತವೆ. ಡಬ್ಬಿಗಳು ಇಂಥವೇ ಎಂದು ಯಾವ ಅಂಗಡಿಯಲ್ಲಿಯೂ ದೊರೆಯದಿರುವುದರಿಂದ ಅವುಗಳನ್ನು ತಟ್ಟಿ ನೋಡಿ, ಧ್ವನಿಯ ಏರಿಳಿತಕ್ಕೆ ತಕ್ಕಂತೆ ಆರಿಸಿ ಜೋಡಿಸುವುದೇ ನುಡಿಸುವವರ ಮೊದಲ ಕೆಲಸವಾಗುತ್ತದೆ. ಭರತನು ಪ್ರತ್ಯಾಹಾರವನ್ನು ಅಂಗವೆಂದು ಏಕೆ ಎಣಿಸಿದನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ಕೃತಿಯಲ್ಲಿ ೨೪ ಭಾಗಗಳು, ಒಂದೊಂದು ಭಾಗಕ್ಕೂ ‘ಬಾರ್’ ಎಂದು ಕರೆಯುವ ೨೪ ಅಳತೆಗಳು, ಒಟ್ಟು ೫೭೬. ಒಂದು ಭಾಗದ ಒಳಗೆ ವಾಕ್ಯಗಳ ಉದ್ದವು ೮, ೨, ೪, ೫, ೩, ೨ ಎಂಬ ಕ್ರಮದಲ್ಲಿದೆ, ಕೂಡಿದರೆ ೨೪. ಆದರೆ ಈ ಕ್ರಮವು ನಾಲ್ವರಿಗೂ ಒಂದೇ ಸ್ಥಾನದಿಂದ ಆರಂಭವಾಗುವುದಿಲ್ಲ. ಒಬ್ಬನು ೮ರಿಂದ ತೊಡಗಿದರೆ ಎರಡನೆಯವನಿಗೆ ೨, ೮, ೨, ೪, ೫, ೩. ಮೂರನೆಯವನಿಗೆ ೩, ೨, ೮, ೨, ೪, ೫. ನಾಲ್ಕನೆಯವನಿಗೆ ೫, ೩, ೨, ೮, ೨, ೪. ಲೆಕ್ಕ ಹಾಕಿ ನೋಡಿದರೆ ಹತ್ತನೆಯ ಅಳತೆಯ ಕೊನೆಯಲ್ಲಿ ಮೂವರ ವಾಕ್ಯಗಳು ಕೂಡಿ ಮುಗಿಯುತ್ತವೆ. ಐದು, ಎಂಟು, ಹತ್ತೊಂಬತ್ತರ ಕೊನೆಗಳಲ್ಲಿ ಇಬ್ಬಿಬ್ಬರದು. ನಾಲ್ವರದೂ ಕೂಡಿ ಮುಗಿಯುವುದು ಇಪ್ಪತ್ತನಾಲ್ಕರಲ್ಲಿ ಮಾತ್ರ. ಆ ಕೂಡುವಿಕೆಯೇ ಸಮ. ತಾಳಪ್ರಸ್ತಾರವನ್ನೂ ಛಂದಃಪ್ರಸ್ತಾರವನ್ನೂ ಬಲ್ಲ ಪಂಡಿತರಿಗೆ ಈ ಚಕ್ರಭ್ರಮಣವು ಅಪರಿಚಿತವಲ್ಲ. ಆರು ಸಂಖ್ಯೆಗಳ ಆರು ಭ್ರಮಣಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದೆ, ಅಷ್ಟೇ. ಕೇಜ್ ಅವರು ಗೀತಾ ಸಾರಾಭಾಯಿಯವರ ಪರಿಚಯದಿಂದ ಭಾರತೀಯ ಸಂಗೀತವನ್ನು ತಿಳಿದುಕೊಂಡದ್ದು ೧೯೪೬ರಲ್ಲಿ. ಕೃತಿಯಾದರೋ ಅದಕ್ಕೆ ಐದು ವರ್ಷ ಹಿಂದಿನದು. ಆದಕಾರಣ ಎಲ್ಲವೂ ಇಲ್ಲಿಂದಲೇ ಹೋಯಿತೆಂಬ ಸುಲಭವಾದ ಮಾತಿಗೆ ಇಲ್ಲಿ ಅವಕಾಶವಿಲ್ಲ.

ಈ ರಚನೆಯ ಗುಣವು ಸ್ಪಷ್ಟ. ನಾಲ್ವರಲ್ಲಿ ಯಾರೂ ಇನ್ನೊಬ್ಬರ ನೆರಳಲ್ಲ. ಒಬ್ಬನ ವಾಕ್ಯವು ನಡುವೆ ಇರುವಾಗ ಇನ್ನೊಬ್ಬನದು ಮುಗಿಯುತ್ತದೆ. ಮುಗಿದ ಕಡೆಯಲ್ಲಿ ಬಿಟ್ಟ ಬಿಡುವಿನಲ್ಲಿ ಮೂರನೆಯವನ ಮಾತು ಕೇಳಿಸುತ್ತದೆ. ದೋಷವೂ ಅಷ್ಟೇ ಸ್ಪಷ್ಟ. ಎಲ್ಲವೂ ಬರೆದದ್ದೇ ಆದುದರಿಂದ ಮನೋಧರ್ಮಕ್ಕೆ ಎಡೆಯಿಲ್ಲ. ಈ ವರ್ಷ ನುಡಿಸಿದ್ದೂ ಬರುವ ವರ್ಷ ನುಡಿಸುವುದೂ ಹದದಲ್ಲಿ ಭಿನ್ನವಾಗಬಹುದೇ ಹೊರತು ಮಾತಿನಲ್ಲಿ ಭಿನ್ನವಾಗದು. ಬೆಂಗಳೂರಿನ ಮೃದಂಗವಿದ್ಯಾರ್ಥಿಯು ಇದನ್ನು ಕೇಳಿ, ಇದರಲ್ಲಿ ವಿದ್ವತ್ತು ಬರೆದವನದು, ನುಡಿಸುವವನದಲ್ಲ ಎಂದರೆ ಆ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ.

ಈಗ ತಾಳವಾದ್ಯಗೋಷ್ಠಿಗೆ ಹಿಂದಿರುಗಿದರೆ ಇದಕ್ಕೆ ವಿಪರೀತವಾದ ಸ್ಥಿತಿಯು ಕಾಣುತ್ತದೆ. ಇಲ್ಲಿ ಮನೋಧರ್ಮಕ್ಕೆ ಕೊರತೆಯಿಲ್ಲ. ಆದರೆ ನಾಲ್ಕು ಧ್ವನಿಗಳು ನಾಲ್ಕಾಗಿ ಉಳಿಯುವುದೇ ಅಪರೂಪ. ವಾಡಿಕೆಯ ಕ್ರಮವನ್ನು ನೋಡಿ: ಮೊದಲು ಮೃದಂಗ, ಅನಂತರ ಘಟ, ಖಂಜಿರ, ಮೋರ್ಚಿಂಗ್ ಎಂದು ಹಿರಿಮೆಯ ಅನುಕ್ರಮದಲ್ಲಿ ಒಬ್ಬೊಬ್ಬರೂ ನುಡಿಸುತ್ತಾರೆ. ಬಳಿಕ ನಾಲ್ಕು ಆವರ್ತ, ಎರಡು, ಒಂದು, ಅರ್ಧ, ಕಾಲು ಎಂದು ಇಳಿಸುತ್ತ ಸವಾಲುಜವಾಬಿನಂತೆ ಕುರೈಪ್ಪು ನಡೆಯುತ್ತದೆ. ಕೊನೆಗೆ ಎಲ್ಲರೂ ಕೂಡಿ ಮೋಹರಾ, ಕೋರ್ವೆ. ಈ ಕ್ರಮದಲ್ಲಿ ಮೊದಲ ಹಂತವು ನಾಲ್ಕ್ಕು ಏಕಭಾಷಣ, ಎರಡನೆಯದು ಸ್ಪರ್ಧೆ, ಮೂರನೆಯದು ಏಕಕಂಠ. ಸಂಭಾಷಣೆಯೆಲ್ಲಿ? ಕುರೈಪ್ಪನ್ನು ಸಂಭಾಷಣೆಯೆನ್ನಬಹುದಾದರೂ ಅದರಲ್ಲಿ ಎರಡನೆಯವನು ಮೊದಲನೆಯವನು ಹೇಳಿದ್ದನ್ನೇ ಇನ್ನೂ ಚುರುಕಾಗಿ ಹೇಳಬೇಕೆಂಬ ನಿರೀಕ್ಷೆಯಿರುವುದರಿಂದ ಅದು ವಾದಕ್ಕಿಂತ ಜಲ್ಪಕ್ಕೆ ಹತ್ತಿರ. ನ್ಯಾಯಶಾಸ್ತ್ರದಲ್ಲಿ ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲುವ ಇಚ್ಛೆಯಿಂದ ನಡೆಯುವುದು ಜಲ್ಪ.

ಇದಕ್ಕಿಂತ ಸೂಕ್ಷ್ಮವಾದ ದೋಷವು ಕಾರ್ವೆಯ ವಿಷಯದಲ್ಲಿದೆ. ಒಂದು ಸಣ್ಣ ಕೋರ್ವೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಆದಿತಾಳದ ಒಂದು ಆವರ್ತಕ್ಕೆ ಚತುರಶ್ರನಡೆಯಲ್ಲಿ ೩೨ ಮಾತ್ರೆಗಳು. ಉತ್ತರಾಂಗದಲ್ಲಿ ‘ತದಿಗಿಣತೊಂ’ ಎಂಬ ೫ ಮಾತ್ರೆಗಳ ಸೊಲ್ಲು ಮೂರು ಸಲ, ಅವುಗಳ ನಡುವೆ ಎರಡು ಕಡೆ ಎರಡೆರಡು ಮಾತ್ರೆಗಳ ಕಾರ್ವೆ, ಒಟ್ಟು ೧೯. ಉಳಿದ ೧೩ ಮಾತ್ರೆಗಳು ಪೂರ್ವಾಂಗಕ್ಕೆ. ಒಬ್ಬನೇ ನುಡಿಸುವಾಗ ಆ ನಾಲ್ಕು ಮಾತ್ರೆಗಳ ಮೌನವೇ ಕೋರ್ವೆಗೆ ಆಕಾರವನ್ನು ಕೊಡುತ್ತದೆ. ಶ್ರೋತೃವು ಮೂರು ಸಲವೆಂಬುದನ್ನು ಎಣಿಸಿಕೊಳ್ಳುವುದು ಆ ಮೌನದಿಂದಲೇ. ನಾಲ್ವರು ಕೂಡಿದಾಗ ಏನಾಗುತ್ತದೆ? ಉತ್ಸಾಹಿಯಾದ ಒಬ್ಬ ವಾದಕನು ಕಾರ್ವೆಯನ್ನು ಬರಿದಾದ ಸ್ಥಳವೆಂದು ತಿಳಿದು ಅಲ್ಲಿ ನಾಲ್ಕು ದ್ರುತಾಕ್ಷರಗಳನ್ನು ತುಂಬುತ್ತಾನೆ. ಆಗ ಅವನ ಕೈಚಳಕವು ಕೇಳಿಸುತ್ತದೆ, ಕೋರ್ವೆಯು ಕೇಳಿಸುವುದಿಲ್ಲ. ಪದಚ್ಛೇದವಿಲ್ಲದೆ ಓದಿದ ಶ್ಲೋಕದಂತೆ ಅನ್ವಯವು ಮುಳುಗಿಹೋಗುತ್ತದೆ. ಧ್ವನಿವರ್ಧಕಗಳು ಬಂದ ಮೇಲೆ ಈ ದೋಷವು ಬೆಳೆದಿದೆ. ಮೋರ್ಚಿಂಗಿನಂತಹ ಮೆಲುದನಿಯ ವಾದ್ಯಕ್ಕೆ ಅವು ಉಪಕಾರ ಮಾಡಿರುವುದು ನಿಜವಾದರೂ, ಎಲ್ಲವೂ ಒಂದೇ ಮಟ್ಟಕ್ಕೆ ಏರಿದಾಗ ಹಿರಿಯ ಎಲೆ ಕಿರಿಯ ಎಲೆ ಎಂಬ ಭೇದವೇ ಅಳಿಯುತ್ತದೆ.

ಕಾರ್ವೆಯನ್ನು ಇನ್ನೊಂದು ವಾದ್ಯಕ್ಕೆ ಕೊಡಲೇಬಾರದೆಂದು ಇದರ ತಾತ್ಪರ್ಯವಲ್ಲ. ಕೊಡುವುದಾದರೆ ರಚನೆಯಿಂದಲೇ ಕೊಡಬೇಕು. ಅದೇ ಕೋರ್ವೆಯಲ್ಲಿ ಮೂರು ‘ತದಿಗಿಣತೊಂ’ಗಳನ್ನು ಕ್ರಮವಾಗಿ ಘಟ, ಖಂಜಿರ, ಮೃದಂಗಗಳಿಗೆ ಹಂಚಿ, ನಡುವಿನ ಎರಡು ಕಾರ್ವೆಗಳಲ್ಲಿ ಮೋರ್ಚಿಂಗಿನ ಒಂದೊಂದೇ ಎಳೆದ ನಾದವನ್ನು ಇರಿಸಿದರೆ ಮೌನವು ಒಡೆಯುವುದಿಲ್ಲ, ಬಣ್ಣವನ್ನು ಪಡೆಯುತ್ತದೆ. ಇಂತಹ ಹಂಚಿಕೆಯು ಸಭೆಯಲ್ಲಿ ಆ ಕ್ಷಣಕ್ಕೆ ತೋರತಕ್ಕದ್ದಲ್ಲ. ತೆರೆಯ ಒಳಗೆ ಆಗಬೇಕಾದದ್ದು.

ಭರತನು ವಾದ್ಯವು ಗೀತದೊಡನೆ ಇರುವ ರೀತಿಯನ್ನು ತತ್ತ್ವ, ಅನುಗತ, ಓಘ ಎಂದು ಮೂರಾಗಿ ವಿಭಾಗಿಸುತ್ತಾನೆ. ಗೀತದ ಲಯ, ತಾಳ, ಯತಿ, ಅಕ್ಷರಗಳನ್ನು ಹಾಗೆಯೇ ತೋರಿಸುವುದು ತತ್ತ್ವ, ಹಿಂಬಾಲಿಸುವುದು ಅನುಗತ, ಗೀತದ ಅರ್ಥವನ್ನು ಅಪೇಕ್ಷಿಸದೆ ಪ್ರವಾಹದಂತೆ ಹರಿಯುವುದು ಓಘ. ಗೀತವಿಲ್ಲದ ಗೋಷ್ಠಿಯಲ್ಲಿ ಗೀತದ ಸ್ಥಾನವನ್ನು ನಾಲ್ವರೂ ಸರದಿಯಂತೆ ವಹಿಸಬೇಕು. ಒಬ್ಬನು ಗೀತಸ್ಥಾನದಲ್ಲಿರುವಾಗ ಒಬ್ಬನು ತತ್ತ್ವದಲ್ಲಿ, ಒಬ್ಬನು ಅನುಗತದಲ್ಲಿ, ಒಬ್ಬನು ಓಘದಲ್ಲಿ ಇರಬಹುದು. ಹೀಗೆ ನೋಡಿದರೆ ಈಗಿನ ಗೋಷ್ಠಿಗಳ ಏಕಕಂಠವಾದನವು ಕೇವಲ ತತ್ತ್ವ. ವೇಗದ ಭಾಗವು ಕೇವಲ ಓಘ. ಅನುಗತವೊಂದೇ ಎಲ್ಲರಿಂದಲೂ ಮರೆಯಲ್ಪಟ್ಟಿದೆ. ಗಾಯಕನನ್ನು ಅನುಸರಿಸುವಾಗ ಅಷ್ಟು ನಯವಾಗಿ ಕಿವಿಗೊಡುವ ಮೃದಂಗವಿದ್ವಾಂಸನು ಘಟದವನನ್ನು ಅನುಸರಿಸಬೇಕಾದಾಗ ಕೈಕಟ್ಟಿ ಕುಳಿತುಕೊಳ್ಳುವುದನ್ನು ಸಭೆಗಳಲ್ಲಿ ಎಷ್ಟೋ ಸಲ ಕಾಣಬಹುದು. ‘ಉಪಪಕ್ಕವಾದ್ಯ’ವೆಂಬ ಮಾತೇ ಈ ಮನೋಭಾವಕ್ಕೆ ಕಾರಣವೋ ಕಾರ್ಯವೋ ಹೇಳುವುದು ಕಷ್ಟ.

ಈ ಅನುಕ್ರಮವು ಅನಿವಾರ್ಯವಲ್ಲವೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ಚೆನ್ನೈಯ ಶ್ರೀ ಜಯಗಣೇಶ ತಾಳವಾದ್ಯ ವಿದ್ಯಾಲಯದಲ್ಲಿ ಹರಿಹರ ಶರ್ಮರ ಹಾಗೂ ಅವರ ಪುತ್ರ ವಿಕ್ಕು ವಿನಾಯಕರಾಂ ಅವರ ಶಿಷ್ಯೆಯಾಗಿ ಕಲಿತು ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಅವರು ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಎದುರಿಗಿರಿಸಿಕೊಂಡು ‘ಘಟತರಂಗ’ವನ್ನು ನುಡಿಸುತ್ತಾರೆ, ಸ್ತ್ರೀಯರೇ ಕೂಡಿದ ‘ಸ್ತ್ರೀ ತಾಳತರಂಗ’ವೆಂಬ ಮೇಳವನ್ನು ಕಟ್ಟಿದ್ದಾರೆ. ಅಲ್ಲಿ ಘಟವೇ ಮುಂದೆ, ಮೃದಂಗವು ಪಕ್ಕದಲ್ಲಿ. ಉಪಪಕ್ಕದ್ದೆಂದು ಹೆಸರಾದ ವಾದ್ಯವು ಗೀತಸ್ಥಾನಕ್ಕೆ ಬಂದರೆ ಮೃದಂಗಕ್ಕೆ ಅನುಗತವು ತಾನಾಗಿಯೇ ಒದಗುತ್ತದೆ. ಹಲವು ಘಟಗಳ ಶ್ರುತಿಗಳನ್ನು ಹೊಂದಿಸಿಕೊಳ್ಳುವುದು ಮಾರ್ಜನೆಯ ತತ್ತ್ವವೇ ಸರಿ. ಭರತನ ಮೂರು ಮುಖಗಳು ಇಲ್ಲಿ ಮಣ್ಣಿನ ಮಡಿಕೆಗಳಾಗಿವೆ. ಈ ಮೇಳದಲ್ಲಿ ತಂತಿವಾದ್ಯವೂ ಸೇರುವುದರಿಂದ ಇದನ್ನು ಶುದ್ಧ ಶುಷ್ಕವಾದ್ಯವೆನ್ನಲಾಗದು. ಘಟಗಳಲ್ಲಿ ಸ್ವರವೇ ಮೊದಲಾದರೆ ಆಘಾತವೈವಿಧ್ಯವು ಕುಂದುವ ಭಯವೂ ಉಂಟು. ಆದರೂ ಯಾವ ವಾದ್ಯವು ಮುಂದಿರಬೇಕೆಂಬುದು ಹುಟ್ಟಿನಿಂದಲ್ಲ, ರಚನೆಯಿಂದ ನಿರ್ಣಯವಾಗತಕ್ಕದ್ದೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಉಳಿದದ್ದು ಬರವಣಿಗೆಯ ಪ್ರಶ್ನೆ. ಚತುರ್ವಾದ್ಯಪ್ರಬಂಧಗಳು ರಚಿಸಲ್ಪಡುತ್ತವೆ, ಒಂದೆರಡು ಸಭೆಗಳಲ್ಲಿ ನುಡಿಸಲ್ಪಡುತ್ತವೆ, ಬಳಿಕ ಮರೆಯಾಗುತ್ತವೆ. ಧ್ವನಿಮುದ್ರಣವು ಅವುಗಳ ಧ್ವನಿಯನ್ನು ಉಳಿಸುವುದೇ ಹೊರತು ಹಂಚಿಕೆಯನ್ನು ತಿಳಿಸುವುದಿಲ್ಲ. ನಾಲ್ಕು ವಾದ್ಯಗಳು ಕೂಡಿ ನುಡಿದ ಕಡೆಯಲ್ಲಿ ಯಾವ ಸೊಲ್ಲು ಯಾರದೆಂದು ಕೇಳಿ ಹೇಳುವುದು ಪಳಗಿದ ಕಿವಿಗೂ ಕಷ್ಟ. ಬರೆದರೆ ಮನೋಧರ್ಮವು ಸಾಯುವುದೆಂಬ ಆಕ್ಷೇಪಣೆಯು ನಿಲ್ಲುವುದಿಲ್ಲ. ಕೃತಿಯ ಸಾಹಿತ್ಯವೂ ಸ್ವರವೂ ಬರೆದಿರುವಾಗ ಗಾಯಕನು ನೆರವಲನ್ನು ಮಾಡುವುದಿಲ್ಲವೆ? ಹಾಗೆಯೇ ಪೂರ್ವಾಂಗದ ೧೩ ಮಾತ್ರೆಗಳನ್ನು ವಾದಕನ ಇಚ್ಛೆಗೆ ಬಿಟ್ಟು ಉತ್ತರಾಂಗದ ೧೯ನ್ನು ಬರೆದಿಡಬಹುದು.

ಕನ್ನಡಲಿಪಿಯಲ್ಲಿ ಸೊಲ್ಲುಗಳನ್ನು ಬರೆಯುವುದಕ್ಕೆ ಯಾವ ತೊಡಕೂ ಇಲ್ಲ. ಕಾರ್ವೆಗೆ ಅಲ್ಪವಿರಾಮ ಅರ್ಧವಿರಾಮಗಳ ಗುರುತು ಸ್ವರಲಿಪಿಯಲ್ಲಿ ಮೊದಲಿನಿಂದಲೂ ಬಳಕೆಯಲ್ಲಿದೆ. ಒಂದರ ಕೆಳಗೊಂದು ನಾಲ್ಕು ಸಾಲು ಎಳೆದು ಮೇಲೆ ತಾಳದ ಘಾತಗಳನ್ನು ಗುರುತಿಸಿದರೆ ಸಾಕು. ಹಾಗೆ ಬರೆಯತೊಡಗಿದಾಗ ರಚಕನಿಗೆ ಮೊದಲು ಎದುರಾಗುವ ಸಂಗತಿಯು ಸೊಲ್ಲುಗಳದಲ್ಲ. ಈವರೆಗೆ ‘ಎಲ್ಲರೂ ನಿಲ್ಲುವುದು’ ಎಂದು ಬಾಯಿಮಾತಿನಲ್ಲಿ ಸೂಚಿಸುತ್ತಿದ್ದ ಕಡೆಯಲ್ಲಿ ನಾಲ್ಕು ಸಾಲುಗಳಿಗೂ ಬೇರೆ ಬೇರೆಯಾಗಿ ಅಲ್ಪವಿರಾಮಗಳನ್ನು ಹಾಕಬೇಕಾಗುತ್ತದೆ. ಮೃದಂಗದ ಸಾಲಿನಲ್ಲಿ ಎಷ್ಟು, ಘಟದ ಸಾಲಿನಲ್ಲಿ ಎಷ್ಟು, ಖಂಜಿರದ ಚರ್ಮವು ಆರುತ್ತಿರುವಾಗ ಅದಕ್ಕೆ ಎಷ್ಟು ಬಿಡುವು, ಮೋರ್ಚಿಂಗ್ ನುಡಿಸುವವನು ಉಸಿರು ತೆಗೆದುಕೊಳ್ಳುವುದು ಯಾವ ಮಾತ್ರೆಯಲ್ಲಿ ಎಂಬುದನ್ನು ಅವನು ಆಗಲೇ ನಿಶ್ಚಯಿಸಬೇಕು.